ಮನೆಯಲ್ಲೇ ಸ್ನಾನದ ಪುಡಿ

ದೀಪಾವಳಿಯಲ್ಲಿ ನೀರು ತುಂಬುವ ಹಬ್ಬ ಮಾಡುತ್ತೇವೆ. ಹಂಡೆ ತೊಳೆದು ಪೂಜೆ ಮಾಡುತ್ತೇವೆ. ಮಾರನೆಯ ದಿನ ಮೈಗೆ ಎಣ್ಣೆ ಹಚ್ಚಿ ಸ್ನಾನ ಮಾಡುತ್ತೇವೆ. ಹಬ್ಬ ಮುಗಿಯುತ್ತದೆ. ಚಳಿ ಶುರುವಾಗುತ್ತದೆ. ಕೈಕಾಲು ಒಣಗುತ್ತದೆ. ಹಿಮ್ಮಡಿ ಒಡೆಯುತ್ತದೆ.

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಕೆಲಸ ಮಾಡುತ್ತಾರೆ. ಚಳಿಗೆ ಅವರ ಬೆರಳು ಒಡೆದು ಒರಟಾಗಿತ್ತು. ರೇಷ್ಮೆ ಎಳೆ ಬೆರಳಿಗೆ ಸಿಕ್ಕಿ ಹರಿಯುತ್ತಿತ್ತು. ಎಳೆ ಹರಿದರೆ ಕೆಲಸ ನಿಲ್ಲುತ್ತದೆ. ಕೂಲಿ ಕಡಿಮೆಯಾಗುತ್ತದೆ.

ಅವರು ಸಂತೆಯಲ್ಲಿ ಕ್ರೀಮು ಕೊಂಡಿದ್ದರು. "ಹಚ್ಕೊಂಡ್ರೆ ಉರೀತದೆ ಮೇಡಂ" ಅಂದರು. "ಡಬ್ಬಿ ತನ್ನಿ ಅಕ್ಕ, ಓದೋಣ" ಅಂದೆವು. ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಮಾಡಿದವರ ಹೆಸರಿಲ್ಲ. ಊರಿಲ್ಲ. ತಾರೀಖಿಲ್ಲ. "ಅಯ್ಯೋ, ಆಗ ಓದೋಕೆ ಬರ್ತಿರಲಿಲ್ಲ. ಬಣ್ಣ ನೋಡಿ ಕೊಂಡ್ಬಿಟ್ಟೆ" ಅಂದರು.

ಅವತ್ತು ಎಲ್ಲರೂ ಸೇರಿ ಈ ಪಾಠ ಮಾಡಿದೆವು.

ಚರ್ಮ ಏಕೆ ಒಣಗುತ್ತದೆ?

ನಮ್ಮ ಚರ್ಮದಲ್ಲಿ ತನ್ನದೇ ಎಣ್ಣೆ ಇದೆ. ಅದು ಚರ್ಮದ ತೇವವನ್ನು ಕಾಯುತ್ತದೆ. ತುಂಬಾ ಬಿಸಿನೀರು ಹಾಕಿಕೊಂಡರೆ ಆ ಎಣ್ಣೆ ಹೋಗುತ್ತದೆ. ಹೆಚ್ಚು ಸೋಪು ತಿಕ್ಕಿದರೂ ಹೋಗುತ್ತದೆ.

ನಮ್ಮ ಕಡೆ ಕೊಳವೆಬಾವಿ ನೀರೇ ಹೆಚ್ಚು. ಬಹಳ ಕಡೆ ಅದು ಗಡಸು ನೀರು. ಗಡಸು ನೀರಿನಲ್ಲಿ ಸೋಪು ಸರಿಯಾಗಿ ನೊರೆ ಬರುವುದಿಲ್ಲ. ನೊರೆ ಬರಲಿ ಅಂತ ಇನ್ನಷ್ಟು ಸೋಪು ತಿಕ್ಕುತ್ತೇವೆ. ಚರ್ಮ ಇನ್ನಷ್ಟು ಒಣಗುತ್ತದೆ.

ಬೇಕಾದ ಸಾಮಾನು

ಹೆಸರುಕಾಳು – 1 ಪಾವು
ಕಡ್ಲೆಬೇಳೆ – ಅರ್ಧ ಪಾವು
ಮೆಂತ್ಯ – 2 ಚಮಚ
ಒಣಗಿದ ಗುಲಾಬಿ ಎಸಳು – 1 ಹಿಡಿ (ಇದ್ದರೆ ಸಾಕು)

ಮಾಡುವ ರೀತಿ

1. ಎಲ್ಲವನ್ನೂ ಬಿಸಿಲಲ್ಲಿ ಗರಿಗರಿ ಒಣಗಿಸಿ.
2. ನುಣ್ಣಗೆ ಪುಡಿ ಮಾಡಿಸಿ.
3. ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ತರಿ ಉಳಿದರೆ ಚರ್ಮ ಗೀರುತ್ತದೆ.
4. ಒಣಗಿದ ಡಬ್ಬಿಗೆ ತುಂಬಿ, ಮುಚ್ಚಳ ಹಾಕಿ.
5. ಒಂದು ಚೀಟಿ ಬರೆದು ಅಂಟಿಸಿ: "ಸ್ನಾನದ ಪುಡಿ". ಮಾಡಿದ ತಾರೀಖನ್ನೂ ಬರೆಯಿರಿ. ಇಲ್ಲದಿದ್ದರೆ ಯಾರಾದರೂ ಬೋಂಡಕ್ಕೆ ಕಲಸಿಬಿಟ್ಟಾರು!

ಹಚ್ಚುವ ರೀತಿ

2 ಚಮಚ ಪುಡಿಗೆ ಅರ್ಧ ಚಮಚ ಕೊಬ್ಬರಿ ಎಣ್ಣೆ ಹಾಕಿ. ಸ್ವಲ್ಪ ಹಾಲು ಅಥವಾ ನೀರು ಹಾಕಿ ಕಲಸಿ. ಅವತ್ತಿಗೆ ಬೇಕಾದಷ್ಟು ಮಾತ್ರ ಕಲಸಿ. ಉಳಿದದ್ದು ಹಳಸುತ್ತದೆ.

ಉಗುರುಬೆಚ್ಚಗಿನ ನೀರಲ್ಲಿ ಮೈ ನೆನೆಸಿ. ಪುಡಿ ಹಚ್ಚಿ ಮೆಲ್ಲಗೆ ಉಜ್ಜಿ. ಚೆನ್ನಾಗಿ ತೊಳೆಯಿರಿ. ಬಟ್ಟೆಯಿಂದ ಒತ್ತಿ ಒರೆಸಿ. ಮೈ ಇನ್ನೂ ಸ್ವಲ್ಪ ಹಸಿ ಇರುವಾಗಲೇ ನಾಲ್ಕು ಹನಿ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಇದೇ ಮುಖ್ಯ. ಎಣ್ಣೆ ಒಳಗಿನ ತೇವವನ್ನು ಹೊರಗೆ ಬಿಡುವುದಿಲ್ಲ.

ವಾರಕ್ಕೆ ಒಂದೆರಡು ಸಲ ಪುಡಿ ಸಾಕು. ಎಣ್ಣೆಯನ್ನು ದಿನಾ ಹಚ್ಚಬಹುದು.

ಎಚ್ಚರಿಕೆ

ಮೊದಲು ಮೊಣಕೈ ಒಳಗಡೆ ಸ್ವಲ್ಪ ಹಚ್ಚಿ ನೋಡಿ. ತುರಿಕೆ ಬಂದರೆ ಬಿಡಿ.

ನಿಂಬೆರಸ ಬೆರೆಸಬೇಡಿ. ಅದು ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತೆ ಆಗಬಹುದು. ದೇವನಹಳ್ಳಿ ಚಕ್ಕೋತವೂ ತಿನ್ನೋಕೆ ಚೆನ್ನ, ಮೈಗೆ ಹಚ್ಚೋಕಲ್ಲ.

ಗಾಯ, ಕಜ್ಜಿ ಇರುವ ಕಡೆ ಉಜ್ಜಬೇಡಿ. ಎಳೆಗೂಸಿಗೆ ಉಜ್ಜಬೇಡಿ. ಬಚ್ಚಲಲ್ಲಿ ಎಣ್ಣೆ ಚೆಲ್ಲಿದರೆ ಕಾಲು ಜಾರುತ್ತದೆ. ಕೂಡಲೇ ತೊಳೆಯಿರಿ.

ಮೈ ಮೇಲೆ ಮಚ್ಚೆ ಬಂದು, ಅಲ್ಲಿ ಮುಟ್ಟಿದರೆ ಗೊತ್ತಾಗುವುದಿಲ್ಲವೇ? ಅದು ಕುಷ್ಠದ ಗುರುತು ಇರಬಹುದು. ಹೆದರಬೇಡಿ, ಮುಚ್ಚಿಡಬೇಡಿ. ಆಶಾ ಕಾರ್ಯಕರ್ತೆಗೆ ತೋರಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ. ಕಾಯಿಲೆ ವಾಸಿಯಾಗುತ್ತದೆ.

ಈ ಪುಡಿಯಿಂದ ಮೈ ಬೆಳ್ಳಗಾಗುವುದಿಲ್ಲ. ಬೆಳ್ಳಗಾಗುವುದು ಬೇಕೂ ಇಲ್ಲ. ಬೆಳ್ಳಗೆ ಮಾಡುತ್ತೇವೆ ಅನ್ನುವ ಕೆಲವು ಕ್ರೀಮುಗಳಲ್ಲಿ ಪಾದರಸ ಸಿಕ್ಕಿದೆ. ಪಾದರಸ ಮೂತ್ರಪಿಂಡವನ್ನು ಕೆಡಿಸುತ್ತದೆ. ರಾಗಿ ಕಪ್ಪಾದರೇನು, ಮುದ್ದೆಗೆ ರುಚಿ ಕಡಿಮೆಯೇ?

ಆ ಅಕ್ಕ ಆ ಕ್ರೀಮು ಬಿಟ್ಟರು. ದಿನಾ ರಾತ್ರಿ ಬೆರಳಿಗೆ ಎಣ್ಣೆ ಹಚ್ಚಿದರು. ಬೆಳಿಗ್ಗೆ ಕೈ ತೊಳೆದು ಮಗ್ಗಕ್ಕೆ ಹೋದರು. ಹದಿನೈದು ದಿನ ಕಳೆಯಿತು. "ಈಗ ಎಳೆ ಸಿಕ್ಕೊಳ್ತಾ ಇಲ್ಲ ಮೇಡಂ" ಅಂದರು. ಅವರ ಮನೆಯ ಡಬ್ಬಿ ನೋಡಿದೆವು. ಮೇಲೆ ಅವರೇ ಬರೆದ ಚೀಟಿ ಇತ್ತು. ಅಕ್ಷರ ಸ್ವಲ್ಪ ಸೊಟ್ಟ. ಒಂದೂ ತಪ್ಪಿರಲಿಲ್ಲ.

ಅಭ್ಯಾಸ

1. ಓದಿ, ಬರೆಯಿರಿ: ಚರ್ಮ, ಎಣ್ಣೆ, ಹಿಮ್ಮಡಿ, ಮೆಂತ್ಯ, ರೇಷ್ಮೆ.
2. 2 ಪಾವು ಹೆಸರುಕಾಳು ಹಾಕಿದರೆ ಕಡ್ಲೆಬೇಳೆ ಎಷ್ಟು ಹಾಕಬೇಕು?
3. ನಿಮ್ಮ ಮನೆಯ ಒಂದು ಸೋಪಿನ ಹೊದಿಕೆ ತನ್ನಿ. ಅದರ ಮೇಲೆ ಬೆಲೆ, ತಾರೀಖು, ಮಾಡಿದವರ ಹೆಸರು ಹುಡುಕಿ.
4. ನಿಮ್ಮ ಅಡುಗೆಮನೆಯ ಮೂರು ಡಬ್ಬಿಗಳಿಗೆ ಚೀಟಿ ಬರೆದು ಅಂಟಿಸಿ.