ನೀರಾಗಿ ಹೋಗುವ ಪ್ರಾಣಿಗೆ ಚಿತ್ರವೇ ವೋಚರ್

ಅಕೌಂಟೆನ್ಸಿ ತರಗತಿಯಲ್ಲಿ ನಾವು ಮೊದಲು ಕಲಿಯುವ ಮಾತುಗಳಲ್ಲಿ ಒಂದು: ವೋಚರ್ ಇಲ್ಲದೆ ಲೆಕ್ಕದ ಪುಸ್ತಕದಲ್ಲಿ ನಮೂದು ಇಲ್ಲ. ಸರಕು ಬಂದರೆ ಬಿಲ್ಲು ಬೇಕು, ಹಣ ಕೊಟ್ಟರೆ ರಸೀದಿ ಬೇಕು. ನಾಳೆ ಯಾರಾದರೂ ‘ಇದು ನಿಜವೇ?’ ಎಂದು ಕೇಳಿದರೆ ತೋರಿಸಲು ಕೈಯಲ್ಲಿ ಏನಾದರೂ ಇರಬೇಕು.

ಪ್ರಾಣಿಶಾಸ್ತ್ರದಲ್ಲೂ ಇದೇ ನಿಯಮ ಇದೆ ಎಂದು ನನಗೆ ತಿಳಿದದ್ದು ಬಿ.ಎಸ್ಸಿ. ಓದುತ್ತಿರುವ ನಮ್ಮ ಆಪಾಳಿಂದ, ಅಂದರೆ ಅಕ್ಕನಿಂದ. ವಿಜ್ಞಾನಿಗಳು ತಾವು ಅಧ್ಯಯನ ಮಾಡಿದ ಪ್ರಾಣಿಯ ಒಂದು ಮಾದರಿಯನ್ನು ಸಂಗ್ರಹಾಲಯದಲ್ಲಿ ಸಾಕ್ಷಿಯಾಗಿ ಇಡುತ್ತಾರೆ. ಅದಕ್ಕೆ ಅವರೂ ‘ವೋಚರ್ ಸ್ಪೆಸಿಮನ್’ ಎಂದೇ ಹೇಳುತ್ತಾರೆ. ಆಗ ನಾನು ಕೇಳಿದೆ: ‘ಇಡಲು ಆಗದ ಪ್ರಾಣಿಯಾದರೆ?’ ಅದಕ್ಕೆ ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಇನ್ನೂರು ವರ್ಷಗಳ ಹಿಂದಿನ ಒಂದು ಸಮುದ್ರಯಾನ ಮತ್ತು ಕೆಲವು ಜೆಲ್ಲಿ ಮೀನುಗಳ ಚಿತ್ರಗಳು.

ಕೈಗೆ ಸಿಕ್ಕರೂ ಉಳಿಯದ ಜೀವಿ

ಜೆಲ್ಲಿ ಮೀನನ್ನು ಕನ್ನಡದಲ್ಲಿ ಲೋಳೆಮೀನು ಎಂದೂ ಕರೆಯುತ್ತಾರೆ. ಹೆಸರಿನಲ್ಲಿ ಮೀನು ಇದ್ದರೂ ಅದು ಮೀನಲ್ಲ. ಅದಕ್ಕೆ ಬೆನ್ನೆಲುಬಿಲ್ಲ, ಮೂಳೆಯಿಲ್ಲ, ಚಿಪ್ಪಿಲ್ಲ. ಇಂಥ ಪ್ರಾಣಿಗಳನ್ನೆಲ್ಲ ಅಕಶೇರುಕಗಳು ಎನ್ನುತ್ತೇವೆ. ಜೆಲ್ಲಿ ಮೀನಿನ ದೇಹದಲ್ಲಿ ಶೇಕಡಾ 95ಕ್ಕೂ ಹೆಚ್ಚು ನೀರೇ ಇರುತ್ತದೆ. ಸಮುದ್ರದಲ್ಲಿ ತೇಲುವಾಗ ಅದು ಬಿಚ್ಚಿದ ಕೊಡೆಯಂತೆ ಕಾಣುತ್ತದೆ. ನೀರಿನಿಂದ ಹೊರಗೆ ತೆಗೆದರೆ ಆಕಾರವಿಲ್ಲದ ಮುದ್ದೆಯಾಗುತ್ತದೆ. ಬಿಸಿಲಿಗೆ ಬಿದ್ದರೆ ಬೇಗನೆ ಒಣಗಿ ತೆಳ್ಳನೆಯ ಪೊರೆಯಷ್ಟೇ ಉಳಿಯುತ್ತದೆ.

ಹಿಂದಿನ ಕಾಲದ ಸಮುದ್ರಯಾನಗಳಲ್ಲಿ ಹಕ್ಕಿ ಸಿಕ್ಕರೆ ಚರ್ಮ ಬಿಡಿಸಿ ಒಳಗೆ ಹತ್ತಿ ತುಂಬುತ್ತಿದ್ದರು. ಶಂಖ, ಚಿಪ್ಪುಗಳನ್ನು ತೊಳೆದು ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಮೀನನ್ನು ಮದ್ಯಸಾರದಲ್ಲಿ ಮುಳುಗಿಸುತ್ತಿದ್ದರು. ಜೆಲ್ಲಿ ಮೀನಿಗೆ ಈ ಯಾವ ಉಪಾಯವೂ ನಡೆಯುತ್ತಿರಲಿಲ್ಲ. ಮದ್ಯಸಾರ ಅದರೊಳಗಿನ ನೀರನ್ನು ಎಳೆದುಕೊಳ್ಳುವುದರಿಂದ ದೇಹ ಸುಕ್ಕುಗಟ್ಟುತ್ತದೆ, ಬಣ್ಣವೂ ಹೋಗುತ್ತದೆ. ಇಂದು ಪ್ರಯೋಗಾಲಯದಲ್ಲಿ ನಾವು ನೋಡುವ ಫಾರ್ಮಾಲಿನ್ ಬಾಟಲಿಗಳು ಬಳಕೆಗೆ ಬಂದದ್ದು 1890ರ ದಶಕದಲ್ಲಿ. ಅದಕ್ಕಿಂತ ಮೊದಲು ಇದ್ದ ಮುಖ್ಯ ದಾರಿ ಇದು. ಪ್ರಾಣಿ ಜೀವದಿಂದಿರುವಾಗಲೇ, ನೀರಿನಲ್ಲಿರುವಾಗಲೇ, ನೋಡಿ ಚಿತ್ರ ಬರೆದುಕೊಳ್ಳುವುದು. ಇಲ್ಲಿ ಚಿತ್ರವೆಂದರೆ ಅಲಂಕಾರವಲ್ಲ, ಅದೇ ಸಾಕ್ಷಿ.

ಫಿರಂಗಿ ಸಹಾಯಕ ಚಿತ್ರಕಾರನಾದದ್ದು

1800ರ ಅಕ್ಟೋಬರ್ 19ರಂದು ಫ್ರಾನ್ಸಿನ ಲ ಹಾವ್ರ್ ಬಂದರಿನಿಂದ ‘ಜೆಯೋಗ್ರಾಫ್’ ಮತ್ತು ‘ನಾತುರಲಿಸ್ತ್’ ಎಂಬ ಎರಡು ಹಡಗುಗಳು ಹೊರಟವು. ನಾಯಕ ನಿಕೊಲಾ ಬೋದಾಂ. ಆಸ್ಟ್ರೇಲಿಯಾದ ಕರಾವಳಿಯ ನಕ್ಷೆ ಮಾಡುವುದು, ಅಲ್ಲಿನ ಗಿಡ, ಪ್ರಾಣಿ, ಜನರ ಬಗ್ಗೆ ತಿಳಿಯುವುದು ಯಾನದ ಉದ್ದೇಶ. ಹಡಗಿನಲ್ಲಿ ವಿಜ್ಞಾನಿಗಳ ದೊಡ್ಡ ತಂಡವೇ ಇತ್ತು. ಸರಕಾರ ನೇಮಿಸಿದ ಮೂವರು ಚಿತ್ರಕಾರರೂ ಇದ್ದರು.

ಲ ಹಾವ್ರ್ ಊರಿನವನೇ ಆದ ಷಾರ್ಲ್-ಅಲೆಕ್ಸಾಂದ್ರ್ ಲೆಸ್ಯೂರ್ ಆ ಮೂವರಲ್ಲಿ ಒಬ್ಬನಲ್ಲ. 22 ವರ್ಷದ ಈ ಯುವಕ ಹಡಗಿನ ಪಟ್ಟಿಯಲ್ಲಿ ಫಿರಂಗಿ ಸಹಾಯಕ. ಆದರೆ ಅವನಿಗೂ, ಅವನಂತೆಯೇ ಫಿರಂಗಿ ಸಹಾಯಕನಾಗಿದ್ದ ನಿಕೊಲಾ-ಮಾರ್ತಾಂ ಪೆತಿಗೂ ಚಿತ್ರ ಬರೆಯುವ ಕೈ ಇದೆ ಎಂದು ಬೋದಾಂಗೆ ಗೊತ್ತಿತ್ತು.

1801ರಲ್ಲಿ ಹಡಗುಗಳು ಮಾರಿಷಸ್ ತಲುಪಿದವು. ಪ್ರಯಾಣದ ಕಷ್ಟ, ಕಾಯಿಲೆ, ನಾಯಕನೊಂದಿಗೆ ಮನಸ್ತಾಪ ಇವುಗಳಿಂದ ಅನೇಕರು ಅಲ್ಲೇ ಇಳಿದುಬಿಟ್ಟರು. ಮೂವರು ಚಿತ್ರಕಾರರೂ ಇಳಿದರು. ಆಗ ಆ ಕೆಲಸ ಲೆಸ್ಯೂರ್ ಮತ್ತು ಪೆತಿಯ ಪಾಲಿಗೆ ಬಂತು. ಪೆತಿ ಹೆಚ್ಚಾಗಿ ಜನರ ಚಿತ್ರ ಬರೆದ, ಲೆಸ್ಯೂರ್ ಪ್ರಾಣಿಗಳ ಚಿತ್ರ ಬರೆದ.

ಲೆಸ್ಯೂರ್‌ಗೆ ಜೊತೆಯಾದವನು ಫ್ರಾನ್ಸ್ವಾ ಪೆರೋನ್. ಇವನು ಹಿಂದೆ ಸೈನಿಕನಾಗಿದ್ದು ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡವನು. ನಂತರ ವೈದ್ಯಕೀಯ ಓದುತ್ತಿದ್ದಾಗ ಪ್ರಾಣಿಶಾಸ್ತ್ರದ ತರಬೇತಿದಾರನಾಗಿ ಯಾನಕ್ಕೆ ಸೇರಿದ. ದಾರಿಯಲ್ಲಿ ಹಿರಿಯ ಪ್ರಾಣಿಶಾಸ್ತ್ರಜ್ಞರು ತೀರಿಕೊಂಡಾಗ ಜವಾಬ್ದಾರಿಯೆಲ್ಲ ಇವನ ಮೇಲೆ ಬಿತ್ತು. ಪೆರೋನ್ ಪ್ರಾಣಿಯನ್ನು ಪರೀಕ್ಷಿಸಿ ವಿವರ ಬರೆಯುವನು, ಲೆಸ್ಯೂರ್ ಅದನ್ನೇ ನೋಡಿ ಚಿತ್ರ ಬರೆಯುವನು. ಅಟ್ಲಾಂಟಿಕ್ ಸಾಗರದಲ್ಲಿ ರಾತ್ರಿ ಹೊಳೆಯುವ ಕೊಳವೆಯಾಕಾರದ ಒಂದು ಜೀವಿ ಅವರಿಗೆ ಸಿಕ್ಕಿತು. ಪೆರೋನ್ ಅದಕ್ಕೆ ‘ಪೈರೋಸೋಮ’ ಎಂದು ಹೆಸರಿಟ್ಟ. ಗ್ರೀಕ್ ಭಾಷೆಯಲ್ಲಿ ಹಾಗೆಂದರೆ ‘ಬೆಂಕಿಯ ದೇಹ’. ಇಂದಿಗೂ ಅದರ ವೈಜ್ಞಾನಿಕ ಹೆಸರು ಅದೇ.

ನಾಯಕ ಬೋದಾಂ 1803ರಲ್ಲಿ ಮಾರಿಷಸ್‌ನಲ್ಲಿ ತೀರಿಕೊಂಡ. 1804ರ ಮಾರ್ಚ್‌ನಲ್ಲಿ ‘ಜೆಯೋಗ್ರಾಫ್’ ಫ್ರಾನ್ಸಿಗೆ ಮರಳಿದಾಗ ಯಾನದ ಸಂಗ್ರಹದಲ್ಲಿ ಲಕ್ಷದಷ್ಟು ಪ್ರಾಣಿ ಮಾದರಿಗಳಿದ್ದವು. ಜೆಲ್ಲಿ ಮೀನುಗಳು ಮಾತ್ರ ಬಂದದ್ದು ಮುಖ್ಯವಾಗಿ ಕಾಗದದ ಮೇಲೆ.

ನಮೂದು ಅಚ್ಚಾಯಿತು, ವೋಚರ್ ಉಳಿದುಹೋಯಿತು

ಊರಿಗೆ ಬಂದ ಮೇಲೆ ಲೆಸ್ಯೂರ್ ಈ ಚಿತ್ರಗಳನ್ನು ಕರುವಿನ ಚರ್ಮದಿಂದ ಮಾಡಿದ ನುಣುಪಾದ ಹಾಳೆಗಳ ಮೇಲೆ ನೀರುಬಣ್ಣದಲ್ಲಿ ಬರೆದ. ಪಾರದರ್ಶಕ ಕೊಡೆ, ಅದರ ಅಂಚಿನ ಎಳೆಗಳು, ಕೆಳಗೆ ಇಳಿಬಿದ್ದ ತೋಳುಗಳು ಎಲ್ಲವೂ ಅವುಗಳಲ್ಲಿ ಕಾಣುತ್ತವೆ. ಜೆಲ್ಲಿ ಮೀನುಗಳ ಬಗ್ಗೆಯೇ ಒಂದು ದೊಡ್ಡ ಸಚಿತ್ರ ಗ್ರಂಥ ತರಬೇಕೆಂದು ಇಬ್ಬರೂ ಯೋಚಿಸಿದ್ದರು. ಆದರೆ ಪೆರೋನ್‌ಗೆ ಕ್ಷಯರೋಗ ಬಂದಿತ್ತು. ಆರೋಗ್ಯಕ್ಕಾಗಿ ನೀಸ್ ಎಂಬ ಕಡಲ ಊರಿಗೆ ಹೋದಾಗಲೂ ಅವನು ಗೆಳೆಯನ ಜೊತೆ ಜೆಲ್ಲಿ ಮೀನುಗಳನ್ನೇ ಅಧ್ಯಯನ ಮಾಡಿದ. 1810ರಲ್ಲಿ ಅವರ ಜೆಲ್ಲಿ ಮೀನುಗಳ ಪಟ್ಟಿ ಅಚ್ಚಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಪೆರೋನ್ ತೀರಿಕೊಂಡ. ಅವನಿಗೆ ಆಗ ವಯಸ್ಸು 35.

ಆ ಪಟ್ಟಿಯಲ್ಲಿ ಹೆಸರುಗಳಿದ್ದವು, ಒಂದೆರಡು ಸಾಲಿನ ಲಕ್ಷಣಗಳಿದ್ದವು, ಚಿತ್ರಗಳು ಇರಲಿಲ್ಲ. ಯಾನದ ಅಟ್ಲಾಸ್‌ನಲ್ಲಿ ಕೆಲವು ಚಿತ್ರಗಳು ಬಂದಿದ್ದವು, ಅಷ್ಟೇ. ಅಂದರೆ ಲೆಕ್ಕದ ಪುಸ್ತಕ ಹೊರಬಂತು, ವೋಚರ್ ಫೈಲು ಕಪಾಟಿನಲ್ಲೇ ಉಳಿಯಿತು. ಮುಂದೆ ಬಂದ ವಿಜ್ಞಾನಿಗಳಿಗೆ ಅದರಲ್ಲಿ ಹಲವು ಹೆಸರುಗಳು ಯಾವ ಪ್ರಾಣಿಗೆ ಸೇರಿದವು ಎಂದು ಹೇಳುವುದೇ ಕಷ್ಟವಾಯಿತು. ಆದರೂ ಕ್ರೈಸಾವೊರ, ಸಯಾನಿಯ, ಪೆಲಾಜಿಯ, ಕ್ಯಾಸಿಯೋಪಿಯ ಎಂದು ಅವರಿಟ್ಟ ಕುಲನಾಮಗಳು ಇಂದಿಗೂ ಬಳಕೆಯಲ್ಲಿವೆ. ನಮ್ಮ ಅರಬ್ಬೀ ಸಮುದ್ರದಲ್ಲಿ ಸಿಗುವ ಕೆಲವು ಜೆಲ್ಲಿ ಮೀನುಗಳನ್ನೂ ವಿಜ್ಞಾನಿಗಳು ಇದೇ ಕುಲನಾಮಗಳಿಂದ ಕರೆಯುತ್ತಾರೆ.

ಲೆಸ್ಯೂರ್ ಮುಂದೆ ಅಮೆರಿಕಕ್ಕೆ ಹೋಗಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿದ್ದ. ಚಿತ್ರಕಲೆ ಕಲಿಸಿದ, ಅಲ್ಲಿನ ಮೀನುಗಳ ಚಿತ್ರ ಬರೆದ. 1837ರಲ್ಲಿ ಫ್ರಾನ್ಸಿಗೆ ಮರಳಿದ. ತನ್ನ ಊರಿನಲ್ಲಿ ಪ್ರಾರಂಭವಾದ ನಿಸರ್ಗ ಇತಿಹಾಸ ಸಂಗ್ರಹಾಲಯದ ಮೊದಲ ಮುಖ್ಯಸ್ಥನಾಗಿ 1846ರಲ್ಲಿ ತೀರಿಕೊಂಡ. ಅವನ ಸಾವಿರಾರು ಚಿತ್ರಗಳು ಆ ಸಂಗ್ರಹಾಲಯ ಸೇರಿದವು. 1944ರ ಸೆಪ್ಟೆಂಬರ್‌ನಲ್ಲಿ, ಎರಡನೇ ಮಹಾಯುದ್ಧದ ಬಾಂಬು ದಾಳಿಯಲ್ಲಿ ಆ ಕಟ್ಟಡ ನಾಶವಾಯಿತು. ಬಾಟಲಿಯಲ್ಲಿದ್ದ, ಪೆಟ್ಟಿಗೆಯಲ್ಲಿದ್ದ ಎಷ್ಟೋ ಮಾದರಿಗಳು ಹಾಳಾದವು. ಲೆಸ್ಯೂರ್‌ನ ಚಿತ್ರಗಳು ಉಳಿದುಕೊಂಡವು. ಫ್ರಾನ್ಸಿನ ಜೆಲ್ಲಿ ಮೀನು ತಜ್ಞೆ ಜಾಕ್ಲೀನ್ ಗೋಯ್ ಅವುಗಳನ್ನು ಅಧ್ಯಯನ ಮಾಡಿ 1995ರಲ್ಲಿ ಪುಸ್ತಕ ಬರೆದರು. ಕಂಡದ್ದನ್ನು ಕಂಡ ಹಾಗೆ ಬರೆದ ಚಿತ್ರ ಇಷ್ಟು ಕಾಲದ ನಂತರವೂ ಸಾಕ್ಷಿ ಹೇಳುತ್ತದೆ.

ಚೆಂದದ ಚಿತ್ರವೆಲ್ಲ ಸಾಕ್ಷಿಯಲ್ಲ

ಇಲ್ಲಿ ಇನ್ನೊಂದು ಹೆಸರನ್ನೂ ಹೇಳಬೇಕು. ಬ್ರಿಟನ್ನಿನ ‘ಚಾಲೆಂಜರ್’ ಹಡಗು 1872ರಿಂದ 1876ರವರೆಗೆ ಸಾಗರಗಳನ್ನು ಸುತ್ತಿತು. ಅದು ತಂದ ಆಳಸಮುದ್ರದ ಜೆಲ್ಲಿ ಮೀನುಗಳನ್ನೂ ಕೆಲವು ಸೂಕ್ಷ್ಮಜೀವಿಗಳನ್ನೂ ಜರ್ಮನಿಯ ಅರ್ನ್ಸ್ಟ್ ಹೆಕೆಲ್ ವರ್ಣಿಸಿದ. ನಂತರ 1899ರಿಂದ 1904ರವರೆಗೆ ಪ್ರಕೃತಿಯ ಕಲಾರೂಪಗಳ ಬಗ್ಗೆ 100 ಚಿತ್ರಫಲಕಗಳನ್ನು ಪ್ರಕಟಿಸಿದ. ಬಹಳ ಸುಂದರವಾದ ಚಿತ್ರಗಳು. ಆದರೆ ಜೀವಿಗಳ ಆಕಾರವನ್ನು ಇದ್ದದ್ದಕ್ಕಿಂತ ಹೆಚ್ಚು ಸಮವಾಗಿ, ಹೆಚ್ಚು ಪರಿಪೂರ್ಣವಾಗಿ ತೋರಿಸಿದ್ದಾನೆ ಎಂಬ ಆಕ್ಷೇಪ ಹೆಕೆಲ್ ಮೇಲಿದೆ. ನಮ್ಮ ಪಠ್ಯಪುಸ್ತಕದಲ್ಲಿ ಇದಕ್ಕೊಂದು ಪದವಿದೆ: ‘ವಿಂಡೋ ಡ್ರೆಸ್ಸಿಂಗ್’. ಕಂಪನಿಯ ಸ್ಥಿತಿ ಇರುವುದಕ್ಕಿಂತ ಚೆನ್ನಾಗಿ ಕಾಣುವಂತೆ ಬ್ಯಾಲೆನ್ಸ್ ಶೀಟನ್ನು ಸಿಂಗರಿಸುವುದು.

ನಮ್ಮ ರೆಕಾರ್ಡುಗಳು

ಇದನ್ನೆಲ್ಲ ಓದಿದ ಮೇಲೆ ಆಪಾ ಪಿಯುಸಿಯಲ್ಲಿ ಬರೆದ ಪ್ರಾಣಿಶಾಸ್ತ್ರದ ರೆಕಾರ್ಡನ್ನು ಹುಡುಕಿ ತೆಗೆದೆ. ಪ್ರತಿ ಚಿತ್ರವೂ ಅಂದವಾಗಿತ್ತು. ‘ಇದನ್ನೆಲ್ಲ ನೋಡಿಯೇ ಬರೆದೆಯಾ?’ ಎಂದು ಕೇಳಿದೆ. ‘ಹೌದು, ಸೀನಿಯರ್ ರೆಕಾರ್ಡ್ ನೋಡಿ’ ಎಂದಳು.

ನನಗೆ ನಗು ಬಂತು. ಆದರೆ ನಗುವ ಹಕ್ಕು ನನಗೂ ಇರಲಿಲ್ಲ. ಅಬ್ಬಾನ ಅಂಗಡಿಯ ಒಂದು ತಿಂಗಳ ಲೆಕ್ಕ ಎಂದು ನಾನು ಪ್ರಾಜೆಕ್ಟಿನಲ್ಲಿ ಬರೆದದ್ದರಲ್ಲಿ ಸುಮಾರು ಹತ್ತು ದಿನಗಳದ್ದು ಬರೀ ಊಹೆ. ಆ ದಿನಗಳ ಬಿಲ್ಲುಗಳನ್ನು ನಾನು ಜೋಡಿಸಿಟ್ಟಿರಲಿಲ್ಲ. ಆದರೂ ಟ್ರಯಲ್ ಬ್ಯಾಲೆನ್ಸ್ ಎರಡೂ ಕಡೆ ಸರಿಹೋಗಿತ್ತು, ಅಂಕಗಳೂ ಚೆನ್ನಾಗಿ ಬಂದಿದ್ದವು. ಟ್ರಯಲ್ ಬ್ಯಾಲೆನ್ಸ್ ಸರಿಹೋದ ಮಾತ್ರಕ್ಕೆ ಲೆಕ್ಕ ನಿಜವೆಂದು ಸಾಬೀತಾಗುವುದಿಲ್ಲ ಎಂದು ಪರೀಕ್ಷೆಯಲ್ಲಿ ನಾನೇ ಬರೆದಿದ್ದೇನೆ. ಅದರ ಅರ್ಥ ತಿಳಿದದ್ದು ಈಗ. ಈ ವರ್ಷದ ಪ್ರಾಜೆಕ್ಟಿಗೆ ಪ್ರತಿದಿನ ಸಂಜೆ ಅಂಗಡಿಯಲ್ಲೇ ಕುಳಿತು, ಬಿಲ್ಲು ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಮೂರು ದಿನ ಲೆಕ್ಕ ತಾಳೆಯಾಗಿಲ್ಲ. ಹಾಗೆಯೇ ಬಿಟ್ಟಿದ್ದೇನೆ, ವ್ಯತ್ಯಾಸ ಎಷ್ಟೆಂದು ಪಕ್ಕದಲ್ಲಿ ಬರೆದಿದ್ದೇನೆ.

ವಿಜ್ಞಾನ ವಿಭಾಗದ ಗೆಳೆಯ ಗೆಳತಿಯರಲ್ಲಿ ಒಂದು ಕೋರಿಕೆ. ಈ ಸಲ ಒಂದೇ ಒಂದು ಚಿತ್ರವನ್ನಾದರೂ ಪುಸ್ತಕ ಮುಚ್ಚಿಟ್ಟು, ಮುಂದಿರುವ ಮಾದರಿಯನ್ನೇ ನೋಡಿ ಬರೆಯಿರಿ. ಗೆರೆ ಸೊಟ್ಟಗಾಗಬಹುದು. ಮಾದರಿಯ ಒಂದು ಕಾಲು ಮುರಿದಿದ್ದರೆ ಮುರಿದ ಕಾಲನ್ನೇ ಬರೆಯಿರಿ. ಕೆಳಗೆ ದಿನಾಂಕ ಹಾಕಿ. ಅದು ನಿಮ್ಮ ವೋಚರ್.