ಕರಗಿದ ಉಕ್ಕಿಗೆ ವಿದ್ಯುತ್ತಿನ ಕಡೆಗೋಲು

ವಿದ್ಯಾರ್ಥಿಗಳೇ, ದಾದರಿನಲ್ಲಿ ನಾವು ಏರುವ ಲೋಕಲ್ ಗಾಡಿಯು ಉಕ್ಕಿನ ಹಳಿಯನ್ನೇ ನಂಬಿ ಓಡುತ್ತದೆ. ಉಕ್ಕಿನ ಮೈಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಭಾರಕ್ಕೆ ಸಿಕ್ಕಿ ಅದು ಬೆಳೆಯಬಲ್ಲದು. ಈ ದೋಷದ ಮೂಲವು ಹಲವೊಮ್ಮೆ ಎರಕದಲ್ಲಿಯೇ ಇರುತ್ತದೆ. ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಕಾವಿನ ಉಕ್ಕಿನ ರಸವು, ನೀರಿನಿಂದ ತಂಪುಗೊಳಿಸಿದ ತಾಮ್ರದ ಅಚ್ಚಿನಲ್ಲಿ ಹೊರಗಿನಿಂದ ಒಳಕ್ಕೆ ಹೆಪ್ಪುಗಟ್ಟುವಾಗ, ಅನಿಲದ ಗುಳ್ಳೆಗಳೂ ಕಲ್ಮಷಗಳೂ ಹೊರಪದರದಲ್ಲಿ ಸಿಕ್ಕಿಕೊಳ್ಳುತ್ತವೆ. ಅದನ್ನು ಕಲಕುವ ಸೌಟೆಲ್ಲಿ?

ಅಚ್ಚಿನ ಸುತ್ತ ತಂತಿಯ ಸುರುಳಿಗಳನ್ನಿರಿಸಿ ಪರ್ಯಾಯ ವಿದ್ಯುತ್ತನ್ನು ತಕ್ಕ ಕ್ರಮದಲ್ಲಿ ಹರಿಸಿದರೆ ಸುತ್ತುವ ಕಾಂತಕ್ಷೇತ್ರವು ಉಂಟಾಗುತ್ತದೆ. ಫ್ಯಾರಡೆ 1831ರಲ್ಲಿ ಕಂಡ ನಿಯಮದಂತೆ ಅದು ಉಕ್ಕಿನೊಳಗೂ ವಿದ್ಯುತ್ತನ್ನು ಹುಟ್ಟಿಸುತ್ತದೆ. ಇವೆರಡರ ಬಲದಿಂದ ಉಕ್ಕು ಮೊಸರಿನಂತೆ ಕಡೆಯಲ್ಪಟ್ಟು, ಗುಳ್ಳೆಗಳು ಅಂಚಿನಿಂದ ತೊಳೆದುಹೋಗಿ, ಮೈ ನುಣುಪಾಗುತ್ತದೆ. ವೇಗವು ಮಿತಿಮೀರಿದರೆ ಮೇಲೆ ತೇಲುವ ಕಲ್ಮಷವೇ ಒಳಸೇರುವುದು. ಮೊಸರಿಗಾಗಲಿ ಉಕ್ಕಿಗಾಗಲಿ, ಹದವರಿತ ಕಡೆತವೇ ಲೇಸು.