ಓದಿಸಿಕೊಳ್ಳುವ ಪುಟ ಮಾಡೋದು ಹೇಗೆ?



ಹಿಂದಿನ ಸಂಚಿಕೆಯಲ್ಲಿ ರೇಷ್ಮೆಹುಳದ ಬಗ್ಗೆ ಓದಿದ್ದೀರಿ. ಈ ಸಂಚಿಕೆಯಲ್ಲಿ ನಾನು ಪುಟ ವಿನ್ಯಾಸದ ಬಗ್ಗೆ ಬರೆದಿದ್ದೇನೆ. ವಿನ್ಯಾಸ ಅಂದರೆ ಡಿಸೈನ್. ಡಿಸೈನ್ ಅಂದ ತಕ್ಷಣ ನಮಗೆ ಸೀರೆ ಅಂಚು, ರಂಗೋಲಿ ನೆನಪಾಗುತ್ತೆ. ಅದೂ ಡಿಸೈನೇ. ಆದರೆ ಅಕ್ಷರ, ಚಿತ್ರ, ಬಣ್ಣ, ಖಾಲಿ ಜಾಗ ಈ ನಾಲ್ಕನ್ನೂ ಸರಿಯಾಗಿ ಜೋಡಿಸಿ, ನೋಡಿದವರಿಗೆ ವಿಷಯ ಬೇಗ ತಿಳಿಯೋ ಹಾಗೆ ಮಾಡುವುದಕ್ಕೆ ಗ್ರಾಫಿಕ್ ಡಿಸೈನ್ ಅನ್ನುತ್ತಾರೆ. ಅದನ್ನೇ ಇಂಟರ್‌ನೆಟ್ಟಿನ ಪುಟಕ್ಕೆ ಮಾಡಿದರೆ ವೆಬ್ ಡಿಸೈನ್. ನಮ್ಮ ಈ ಗೋಡೆ ಪತ್ರಿಕೆಗೂ ಡಿಸೈನ್ ಬೇಕು ತಾನೇ!

ದಸರಾ ರಜೆಯಲ್ಲಿ ನಾನು ಮಳವಳ್ಳಿಯ ನಮ್ಮ ಸೋದರಮಾವನ ಫ್ಲೆಕ್ಸ್ ಅಂಗಡಿಯಲ್ಲಿ ಹತ್ತು ದಿನ ಇದ್ದೆ. ಅಲ್ಲಿ ನೋಡಿ ಕಲಿತಿದ್ದನ್ನೂ ಓದಿ ತಿಳಿದಿದ್ದನ್ನೂ ಸೇರಿಸಿ ಇಲ್ಲಿ ಕೊಟ್ಟಿದ್ದೇನೆ.

1. ಕಂಪ್ಯೂಟರ್ ಬರುವ ಮೊದಲೂ ಡಿಸೈನ್ ಇತ್ತು

ನಮ್ಮ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಅಂತ ಊರಿದೆ. ಅಲ್ಲಿ ಸಿಕ್ಕಿದ ಒಂದು ಶಾಸನ ಕ್ರಿ.ಶ. 949–50ರದ್ದು. ಗಂಗರ ದೊರೆ ಬೂತುಗನಿಗೆ ಮಣಲೇರ ಅನ್ನೋ ವೀರ ಇದ್ದ. ಯುದ್ಧದಲ್ಲಿ ಅವನ ಶೌರ್ಯ ಮೆಚ್ಚಿ ಏನು ಬೇಕೋ ಕೇಳು ಅಂದಾಗ ಅವನು ಚಿನ್ನ ಕೇಳಲಿಲ್ಲ, ಕಾಳಿ ಅನ್ನೋ ಬೇಟೆನಾಯಿಯನ್ನು ಕೇಳಿ ಪಡೆದ. ಆ ನಾಯಿ ಒಂದು ದೊಡ್ಡ ಕಾಡುಹಂದಿಯ ಜೊತೆ ಕಾದಾಡಿತು. ಎರಡೂ ಸತ್ತವು. ನಾಯಿಯ ನೆನಪಿಗೆ ಮಣಲೇರ ಕಲ್ಲು ನಿಲ್ಲಿಸಿದ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ.

ಆ ಕಲ್ಲಿನಲ್ಲಿ ಅಕ್ಷರವೂ ಇದೆ, ನಾಯಿ ಹಂದಿ ಕಾದಾಡುವ ಚಿತ್ರವೂ ಇದೆ. ಓದು ಬಂದವರು ಅಕ್ಷರ ಓದಬಹುದು. ಓದು ಬಾರದವರಿಗೆ ಚಿತ್ರ ನೋಡಿದರೇ ಅರ್ಧ ಕಥೆ ತಿಳಿಯುತ್ತೆ. ಸಾವಿರ ವರ್ಷದ ಹಿಂದೆಯೇ ಇಷ್ಟು ಒಳ್ಳೆ ಡಿಸೈನ್!

ಇನ್ನೊಂದು ಉದಾಹರಣೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂತು. ಹೊರತಂದವರು ಹರ್ಮನ್ ಮೋಗ್ಲಿಂಗ್. ಅದು ಕಲ್ಲಚ್ಚಿನಲ್ಲಿ ಮುದ್ರಣವಾಯಿತು. ಕಲ್ಲಚ್ಚಿಗೆ ಸೀಸದ ಅಚ್ಚಿನ ಮೊಳೆ ಬೇಕಿಲ್ಲ. ಜಿಡ್ಡಿನ ಮಸಿಯಲ್ಲಿ ಕೈಬರಹ ಬರೆದು ಕಲ್ಲಿನ ಮೇಲೆ ಮೂಡಿಸುತ್ತಾರೆ. ಆಮೇಲೆ ಕಲ್ಲಿಗೆ ನೀರು ಸವರಿ ಮಸಿ ಉರುಳಿಸುತ್ತಾರೆ. ಎಣ್ಣೆ ನೀರು ಸೇರೋದಿಲ್ಲ ಅಲ್ಲವೇ? ಆದ್ದರಿಂದ ಮಸಿ ಜಿಡ್ಡಿರುವ ಅಕ್ಷರಕ್ಕೆ ಮಾತ್ರ ಅಂಟುತ್ತೆ. ಹಾಗಾದರೆ ನಮ್ಮ ಭಾಷೆಯ ಮೊದಲ ಪತ್ರಿಕೆಯಲ್ಲೂ ಇದ್ದದ್ದು ನಮ್ಮ ಗೋಡೆ ಪತ್ರಿಕೆಯ ಹಾಗೆ ಕೈಬರಹವೇ!

2. ಮೊದಲನೇ ಪ್ರಶ್ನೆ: ಯಾರು ಓದ್ತಾರೆ? ಎಲ್ಲಿ ನಿಂತು ಓದ್ತಾರೆ?

ಪೆನ್ನು ಹಿಡಿಯೋ ಮೊದಲು ಇದನ್ನು ಕೇಳಿಕೊಳ್ಳಬೇಕು. ಫ್ಲೆಕ್ಸನ್ನು ಜನ ಬಸ್ಸಿನಲ್ಲಿ ಹೋಗ್ತಾ ನೋಡ್ತಾರೆ. ಅಷ್ಟರಲ್ಲಿ ನಾಲ್ಕೈದು ಪದ ಓದಿದರೆ ಹೆಚ್ಚು. ಗೋಡೆ ಪತ್ರಿಕೆಯನ್ನು ಎರಡು ಅಡಿ ದೂರದಲ್ಲಿ ನಿಂತು ನಿಧಾನವಾಗಿ ಓದ್ತಾರೆ. ಮೊಬೈಲನ್ನು ಕೈಯಲ್ಲೇ ಹಿಡಿದು ಓದ್ತಾರೆ, ಆದರೆ ಅದರ ಪರದೆ ಅಂಗೈ ಅಗಲ.

ಮಾವ ಫ್ಲೆಕ್ಸ್ ಪ್ರಿಂಟ್ ಹಾಕೋ ಮೊದಲು ಅದನ್ನು ಒಂದು ಸಣ್ಣ ಹಾಳೆಯಲ್ಲಿ ತೆಗೆದು ಅಂಗಡಿ ಬಾಗಿಲಿಗೆ ಅಂಟಿಸಿ, “ರಸ್ತೆ ಆ ಕಡೆ ಹೋಗಿ ಓದ್ಲಾ” ಅಂತ ನನ್ನ ಕಳಿಸೋರು. ನಾನು ಏನು ಓದಿದೆನೋ ಅದು ಮಾತ್ರ ಡಿಸೈನಿನಲ್ಲಿ ಇದೆ, ಮಿಕ್ಕಿದ್ದು ಇಲ್ಲ ಅಂತ ಲೆಕ್ಕ.

3. ಎಲ್ಲಾ ದೊಡ್ಡದಾದರೆ ಯಾವುದೂ ದೊಡ್ಡದಲ್ಲ

ಒಂದು ಪುಟಕ್ಕೆ ಮೂರು ಅಳತೆಯ ಅಕ್ಷರ ಸಾಕು. ತಲೆಬರಹ ದೊಡ್ಡದು. ದಿನ, ಸಮಯ, ಸ್ಥಳ ಮಧ್ಯಮ. ವಿವರ ಚಿಕ್ಕದು. ಕಣ್ಣು ಮೊದಲು ದೊಡ್ಡದಕ್ಕೆ ಹೋಗುತ್ತೆ, ಆಮೇಲೆ ಕೆಳಕ್ಕೆ ಇಳಿಯುತ್ತೆ. ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂಗಿದರೆ ಯಾರ ಮಾತೂ ಕೇಳೋದಿಲ್ಲ. ಪುಟದಲ್ಲೂ ಹಂಗೇ.

ಹಬ್ಬದ ಫ್ಲೆಕ್ಸುಗಳನ್ನು ನೀವೆಲ್ಲ ನೋಡಿದ್ದೀರಿ. ಮೂವತ್ತು ಜನರ ಮುಖ ಇರುತ್ತೆ, ಹಬ್ಬ ಯಾವತ್ತು ಅನ್ನೋದು ಮೂಲೆಯಲ್ಲಿ ಇರುತ್ತೆ. ಮುಖ ಕಾಣಲಿಲ್ಲ ಅಂದರೆ ಗಲಾಟೆ ಮಾಡ್ತಾರೆ, ತಾರೀಖು ಕಾಣಲಿಲ್ಲ ಅಂದರೆ ಯಾರೂ ಕೇಳಲ್ಲ ಅಂತ ಮಾವ ನಗುತ್ತಾರೆ.

4. ಒಂದು ನೋಟೀಸಿನ ಕಥೆ

ಇದು ನಗುವ ವಿಷಯ ಮಾತ್ರ ಅಲ್ಲ. ಒಂದು ಕಚೇರಿಯವರು ನಮ್ಮೂರಿನ ಗೋಡೆಗೆ ನೋಟೀಸು ಅಂಟಿಸಿದ್ದರು. ವೃದ್ಧಾಪ್ಯ ವೇತನ ತಗೊಳ್ಳೋರು ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ ತಂದು ತೋರಿಸಬೇಕು ಅಂತ ಅದರಲ್ಲಿ ಇತ್ತು. ಒಂದೇ ಅಳತೆಯ ಸಣ್ಣ ಅಕ್ಷರ, ಹದಿನಾಲ್ಕು ಸಾಲು, ನಡುವೆ ಒಂದು ಬೆರಳು ಜಾಗವೂ ಇಲ್ಲ. ಮೊದಲ ಐದು ಸಾಲು ಬರೀ ಆದೇಶದ ಸಂಖ್ಯೆ, ಉಲ್ಲೇಖ. ಶಿಬಿರದ ದಿನ ಇದ್ದದ್ದು ಹನ್ನೊಂದನೇ ಸಾಲಿನಲ್ಲಿ.

ನಮ್ಮಜ್ಜಿಗೆ ಓದು ಬರೋದಿಲ್ಲ. ಹೋಗೋರು ಬರೋರನ್ನು ಕೇಳಿದರು. ಅವರೂ ಎರಡು ಸಾಲು ನೋಡಿ, “ಏನೋ ಪಿಂಚಣಿದಂತೆ ಕಣಜ್ಜಿ” ಅಂದು ಹೋದರು. ದಿನ ಕಳೆದುಹೋಯಿತು. ಮೂರು ತಿಂಗಳು ದುಡ್ಡು ಬರಲಿಲ್ಲ. ಬಿ.ಪಿ. ಮಾತ್ರೆಗೆ ನಮ್ಮವ್ವ ಸಾಲ ತಂದರು. “ದಿನಾ ಅದರ ಮುಂದೇನೇ ಓಡಾಡ್ತಿದ್ನಲ್ಲ ಮಗ, ಒಬ್ರಾದ್ರೂ ಯಾವತ್ತು ಅಂತ ಹೇಳ್ಬಾರ್ದಿತ್ತಾ” ಅಂತ ಅಜ್ಜಿ ಬೇಜಾರು ಮಾಡಿಕೊಂಡರು. ನಮ್ಮ ಬೀದಿಯಲ್ಲೇ ಇನ್ನೂ ಇಬ್ಬರು ಹೀಗೇ ತಪ್ಪಿಸಿಕೊಂಡರು.

ಆ ನೋಟೀಸಿನಲ್ಲಿ ಸುಳ್ಳು ಏನೂ ಇರಲಿಲ್ಲ. ಎಲ್ಲಾ ಇತ್ತು. ಆದರೆ ಕಾಣುತ್ತಿರಲಿಲ್ಲ. ಅದನ್ನೇ ನಾನು ಹೀಗೆ ಬರೆದು ನೋಡಿದೆ:

ವಯಸ್ಸಾದವರ ಪಿಂಚಣಿ ಶಿಬಿರ
20ನೇ ತಾರೀಖು, ಶನಿವಾರ, ಬೆಳಿಗ್ಗೆ 10 ಗಂಟೆ
ಸಮುದಾಯ ಭವನ

ತರಬೇಕಾದ್ದು:
• ಆಧಾರ್ ಕಾರ್ಡು
• ಬ್ಯಾಂಕ್ ಪಾಸ್‌ಬುಕ್

(ಆದೇಶದ ಸಂಖ್ಯೆ ಮತ್ತು ವಿವರ ಎಲ್ಲಕ್ಕಿಂತ ಕೆಳಗೆ, ಚಿಕ್ಕ ಅಕ್ಷರದಲ್ಲಿ.)

ಪಕ್ಕದಲ್ಲಿ ಒಬ್ಬ ಅಜ್ಜಿಯ ಚಿತ್ರ, ಒಂದು ಪಾಸ್‌ಬುಕ್ಕಿನ ಚಿತ್ರ ಬಿಡಿಸಿದೆ. ಆತಕೂರಿನ ಕಲ್ಲಿನ ಹಾಗೆ, ಓದು ಬಾರದವರಿಗೂ ಇದು ನನಗೆ ಸೇರಿದ್ದು ಅಂತ ಗೊತ್ತಾಗಲಿ ಅಂತ. ಗೊತ್ತಾದರೆ ಅವರು ಬಿಡದೆ ಕೇಳಿ ತಿಳಿದುಕೊಳ್ಳುತ್ತಾರೆ.

5. ಖಾಲಿ ಜಾಗ ದಂಡ ಅಲ್ಲ

ಕಬ್ಬು ಹಾಕುವಾಗ ಸಾಲಿಂದ ಸಾಲಿಗೆ ಜಾಗ ಬಿಡುತ್ತಾರೆ. ಒತ್ತಾಗಿ ಹಾಕಿದರೆ ಗಾಳಿ ಬೆಳಕು ಆಡೋದಿಲ್ಲ. ಪುಟದಲ್ಲೂ ನಾಲ್ಕು ಕಡೆ ಅಂಚು ಬಿಡಬೇಕು. ಒಂದಕ್ಕೊಂದು ಸಂಬಂಧ ಇರುವ ಸಾಲುಗಳನ್ನು ಹತ್ತಿರ ಇಟ್ಟು, ಸಂಬಂಧ ಇಲ್ಲದ್ದನ್ನು ದೂರ ಇಡಬೇಕು. ಎಲ್ಲಾ ಸಾಲುಗಳೂ ಎಡಗಡೆ ಒಂದೇ ಗೆರೆಯಿಂದ ಶುರುವಾಗಬೇಕು.

ಕನ್ನಡಕ್ಕೆ ಇನ್ನೊಂದು ವಿಶೇಷ ಇದೆ. ಇಂಗ್ಲಿಷಿಗೆ ಒತ್ತಕ್ಷರ ಇಲ್ಲ. ನಮಗೆ ಮೇಲೆ ಗುಡಿಸು, ಕೆಳಗೆ ಒತ್ತು, ಪಕ್ಕದಲ್ಲಿ ಕೊಂಬು, ದೀರ್ಘ ಎಲ್ಲಾ ಇವೆ. ‘ರಾಷ್ಟ್ರ’ ಅಂತ ಬರೆದರೆ ‘ಷ’ ಕೆಳಗೆ ಎರಡು ಒತ್ತು ಬರುತ್ತೆ. ಅದರ ಕೆಳಗಿನ ಸಾಲಿನಲ್ಲಿ ‘ಕೀರ್ತಿ’ ಅಂತ ಇದ್ದರೆ ಮೇಲಿನ ಒತ್ತೂ ಕೆಳಗಿನ ಗುಡಿಸೂ ಡಿಕ್ಕಿ ಹೊಡೆಯುತ್ತವೆ! ಆದ್ದರಿಂದ ಕನ್ನಡದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಬೇಕು. ಇಂಗ್ಲಿಷಿನ ಅಳತೆಗೆ ಮಾಡಿದ ಡಿಸೈನಿನಲ್ಲಿ ಕನ್ನಡ ತುಂಬಿದರೆ ಕೆಟ್ಟದಾಗಿ ಕಾಣೋದು ಇದಕ್ಕೇ. ತಪ್ಪು ಕನ್ನಡದ್ದಲ್ಲ, ಅಳತೆಯದು.

6. ಬಣ್ಣ

ಅಕ್ಷರದ ಬಣ್ಣಕ್ಕೂ ಹಿನ್ನೆಲೆಯ ಬಣ್ಣಕ್ಕೂ ಚೆನ್ನಾಗಿ ವ್ಯತ್ಯಾಸ ಇರಬೇಕು. ಇದನ್ನು ಅಳೆಯೋದಕ್ಕೆ ಲೆಕ್ಕ ಇದೆ. ಬಿಳಿ ಮೇಲೆ ಕಪ್ಪು ಇದ್ದರೆ 21ಕ್ಕೆ 1. ಅದಕ್ಕಿಂತ ಹೆಚ್ಚು ಇಲ್ಲ. ಬಿಳಿ ಮೇಲೆ ಅಚ್ಚ ಹಳದಿ ಇದ್ದರೆ ಹೆಚ್ಚು ಕಡಿಮೆ 1ಕ್ಕೆ 1, ಅಂದರೆ ಕಾಣೋದೇ ಇಲ್ಲ. ವೆಬ್ ಪುಟಗಳ ನಿಯಮದ ಪ್ರಕಾರ ಸಾಮಾನ್ಯ ಅಕ್ಷರಕ್ಕೆ ಕನಿಷ್ಠ 4.5ಕ್ಕೆ 1 ಇರಬೇಕು.

ಪರದೆಯ ಮೇಲೆ ಬಣ್ಣ ಬರೋದು ಕೆಂಪು, ಹಸಿರು, ನೀಲಿ ಬೆಳಕಿನಿಂದ. ಒಂದೊಂದನ್ನೂ 0ಯಿಂದ 255ರವರೆಗೆ ಹೆಚ್ಚು ಕಡಿಮೆ ಮಾಡಬಹುದು. 256 × 256 × 256 ಗುಣಿಸಿ ನೋಡಿ: 1,67,77,216 ಬಣ್ಣ! ಕೆಂಪು ಬೆಳಕಿಗೆ ಹಸಿರು ಬೆಳಕು ಸೇರಿದರೆ ಹಳದಿ. ಆದರೆ ಪ್ರಿಂಟಿಗೆ ಬೆಳಕಲ್ಲ, ಮಸಿ. ಅಲ್ಲಿ ಸಯಾನ್, ಮಜೆಂಟಾ, ಹಳದಿ, ಕಪ್ಪು ಅಂತ ನಾಲ್ಕು ಮಸಿ. ಪರದೆಯಲ್ಲಿ ಮಿಂಚುವ ಬಣ್ಣ ಪ್ರಿಂಟಿನಲ್ಲಿ ಮಂಕಾಗೋದು ಅದಕ್ಕೇ. ಕೆಲವರಿಗೆ ಕೆಂಪು ಹಸಿರಿನ ವ್ಯತ್ಯಾಸ ಗೊತ್ತಾಗೋದಿಲ್ಲ. ಆದ್ದರಿಂದ ‘ಕೆಂಪು ಬಣ್ಣದ ದಿನ ರಜೆ’ ಅಂತ ಬಣ್ಣವನ್ನೇ ನಂಬಬಾರದು, ‘ರಜೆ’ ಅಂತ ಬರೆಯಬೇಕು.

7. ಕಂಪ್ಯೂಟರಿನಲ್ಲಿ ಕನ್ನಡ

ಕೆಲವು ಬೋರ್ಡುಗಳಲ್ಲಿ ಒತ್ತಕ್ಷರ ಒಡೆದು ಬಿದ್ದಿರೋದನ್ನು ನೋಡಿರಬಹುದು. ‘ಅಕ್ಕ’ ಅನ್ನೋ ಜಾಗದಲ್ಲಿ ‘ಅಕ್‌ಕ’ ಅಂತ ಇರುತ್ತೆ. ಬರೆದವರಿಗೆ ಕನ್ನಡ ಬರಲ್ಲ ಅಂತ ಅಲ್ಲ. ಆ ಸಾಫ್ಟ್‌ವೇರಿಗೆ ಒತ್ತು ಕೂಡಿಸೋದು ಗೊತ್ತಿಲ್ಲ, ಅಥವಾ ಅದರ ಸೆಟ್ಟಿಂಗ್ ಬದಲಾಯಿಸಿಲ್ಲ.

ಮೊದಲು ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ಆಕಾರ ಕೂರಿಸುತ್ತಿದ್ದರು. ಆ ಫಾಂಟ್ ಇಲ್ಲದ ಕಡೆ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳು ಬರುತ್ತಿದ್ದವು. 1991ರಲ್ಲಿ ಬಂದ ಯೂನಿಕೋಡ್ ಕನ್ನಡಕ್ಕೆ ಅದರದ್ದೇ ಜಾಗ ಕೊಟ್ಟಿತು. ಅದರಲ್ಲಿ ಕನ್ನಡಕ್ಕೆ 128 ಮನೆಗಳಿವೆ. ‘ಕ’ ಇರುವ ಮನೆಯ ನಂಬರು 3221. ಪ್ರಪಂಚದ ಯಾವ ಕಂಪ್ಯೂಟರಿಗೆ ಹೋದರೂ ‘ಕ’ ಅದೇ. ‘ಕ್ಷ’ಕ್ಕೆ ಬೇರೆ ಮನೆ ಇಲ್ಲ. ಕ, ವಿರಾಮ ಚಿಹ್ನೆ, ಷ ಮೂರೂ ಸೇರಿ ‘ಕ್ಷ’ ಆಗುತ್ತೆ, ನಾವು ಗುಣಿತಾಕ್ಷರ ಒತ್ತಕ್ಷರ ಕಲಿತ ಹಾಗೇ.

ನಮಗಾಗಿ ದುಡಿದವರನ್ನು ನೆನೆಯಬೇಕು. ಕೆ.ಪಿ. ರಾವ್ ಅವರು ಉಚ್ಚಾರಣೆಗೆ ಹೊಂದುವ ಕನ್ನಡ ಕೀಲಿಮಣೆ ರೂಪಿಸಿದರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಕನ್ನಡ ಗಣಕ ಪರಿಷತ್ತು ‘ನುಡಿ’ ತಯಾರಿಸಿತು. ಈಗ ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ ಮುಂತಾದ ಫಾಂಟುಗಳು ಉಚಿತವಾಗಿ ಸಿಗುತ್ತವೆ.

8. ವೆಬ್ ಪುಟ ಅಂದರೆ ಏನು?

1989ರಲ್ಲಿ ಟಿಮ್ ಬರ್ನರ್ಸ್ ಲೀ ಅನ್ನೋ ವಿಜ್ಞಾನಿ ಸ್ವಿಟ್ಜರ್ಲೆಂಡಿನ ಸರ್ನ್ ಸಂಸ್ಥೆಯಲ್ಲಿ ವೆಬ್‌ನ ಯೋಜನೆ ಮಾಡಿದರು. ವೆಬ್ ಪುಟ ಬರೆಯುವ ಭಾಷೆ ಎಚ್‌ಟಿಎಂಎಲ್. ಇದು ಕಷ್ಟ ಅಲ್ಲ. ಗದ್ದೆಯ ಈ ಕಡೆ ಒಂದು ಬದು, ಆ ಕಡೆ ಒಂದು ಬದು ಇರೋ ಹಾಗೆ, ಪ್ರತಿ ಭಾಗದ ಶುರುವಿಗೆ ಒಂದು ಗುರುತು, ಕೊನೆಗೆ ಒಂದು ಗುರುತು. ಅದಕ್ಕೆ ಟ್ಯಾಗ್ ಅಂತಾರೆ. ತಲೆಬರಹಕ್ಕೆ ‘ಎಚ್1’, ಪ್ಯಾರಾಕ್ಕೆ ‘ಪಿ’, ಪಟ್ಟಿಯ ಒಂದೊಂದು ಅಂಶಕ್ಕೆ ‘ಎಲ್‌ಐ’. ಎಚ್‌ಟಿಎಂಎಲ್ ಏನಿದೆ ಅಂತ ಹೇಳುತ್ತೆ. ಹೇಗೆ ಕಾಣಬೇಕು ಅಂತ ಹೇಳೋದು ಸಿಎಸ್‌ಎಸ್. ಅಕ್ಷರದ ಅಳತೆ, ಬಣ್ಣ, ಸಾಲುಗಳ ನಡುವಿನ ಜಾಗ ಎಲ್ಲಾ ಅದರಲ್ಲಿ. ನಾನು ಮೇಲಿನ ನೋಟೀಸನ್ನು ಮಾವನ ಕಂಪ್ಯೂಟರಿನ ನೋಟ್‌ಪ್ಯಾಡಿನಲ್ಲಿ ಹೀಗೆ ಬರೆದು ಮೊಬೈಲಿನಲ್ಲಿ ತೆರೆದೆ. ಇಂಟರ್‌ನೆಟ್ ಇಲ್ಲದೆಯೂ ತೆರೆಯಿತು.

ಇಲ್ಲಿ ಮುಖ್ಯವಾದ ಮಾತು. ನೋಟೀಸಿನ ಫೋಟೋ ತೆಗೆದು ಹಾಕಿದರೆ ಸಾಮಾನ್ಯವಾಗಿ ಫೋನಿಗೆ ಅದು ಬರೀ ಚಿತ್ರ. ಆದರೆ ಯೂನಿಕೋಡ್ ಅಕ್ಷರದಲ್ಲಿ ಬರೆದರೆ ಫೋನು ಅದನ್ನು ಗಟ್ಟಿಯಾಗಿ ಓದಿ ಹೇಳಬಲ್ಲದು. ಕಣ್ಣು ಕಾಣದವರೂ, ಓದು ಬಾರದವರೂ ಕೇಳಿಸಿಕೊಳ್ಳಬಹುದು. ಆದ್ದರಿಂದ ಒಳ್ಳೆ ಡಿಸೈನ್ ಅಂದರೆ ಚಂದ ಮಾತ್ರ ಅಲ್ಲ, ಯಾರನ್ನೂ ಹೊರಗೆ ಬಿಡದೆ ಇರೋದು.

ಮಾಡಿ ನೋಡಿ

1. ಈ ಗೋಡೆ ಪತ್ರಿಕೆಯಿಂದ ಹತ್ತು ಹೆಜ್ಜೆ ಹಿಂದೆ ಹೋಗಿ. ಏನೇನು ಕಾಣುತ್ತೆ ಬರೆದುಕೊಳ್ಳಿ.
2. ಡೈರಿಯ ಹತ್ತಿರವೋ ಪಂಚಾಯ್ತಿಯ ಹತ್ತಿರವೋ ಇರುವ ಒಂದು ನೋಟೀಸನ್ನು ಮೂರು ಅಳತೆಯ ಅಕ್ಷರದಲ್ಲಿ ಹೊಸದಾಗಿ ಬರೆಯಿರಿ.
3. ಒಂದನೇ ತರಗತಿಯವರ ಕಣ್ಣಿನ ಎತ್ತರ ಅಳೆಯಿರಿ. ಅವರ ಕಥೆ, ಚಿತ್ರಗಳನ್ನು ಮುಂದಿನ ಸಂಚಿಕೆಯಲ್ಲಿ ಎಷ್ಟು ಎತ್ತರದಲ್ಲಿ ಅಂಟಿಸಬೇಕು ಹೇಳಿ.

ಪ್ರಶ್ನೆಗಳು

1. ಆತಕೂರು ಶಾಸನದಲ್ಲಿ ಚಿತ್ರದಿಂದ ಏನು ಉಪಯೋಗ?
2. ಕನ್ನಡದ ಸಾಲುಗಳ ನಡುವೆ ಹೆಚ್ಚು ಜಾಗ ಏಕೆ ಬೇಕು?
3. ಕೆಂಪು ಬೆಳಕು + ಹಸಿರು ಬೆಳಕು = ?

ಉತ್ತರ ಬರೆದು ಶನಿವಾರದ ಒಳಗೆ ಪತ್ರಿಕೆಯ ಪೆಟ್ಟಿಗೆಗೆ ಹಾಕಿ. ಎರಡನೇ ಚಟುವಟಿಕೆಯಲ್ಲಿ ಚೆನ್ನಾಗಿ ಬರೆದ ನೋಟೀಸನ್ನು ಮೇಷ್ಟ್ರ ಅಪ್ಪಣೆ ಪಡೆದು, ಹಳೆಯದರ ಪಕ್ಕದಲ್ಲೇ ಅಂಟಿಸೋಣ. ಊರಿನವರು ಯಾವುದರ ಮುಂದೆ ನಿಲ್ಲುತ್ತಾರೆ ನೋಡೋಣ.

– 7ನೇ ತರಗತಿ, ಪೂರಿಗಾಲಿ